ಯಾವ ಜಲಪಾತ, ಯಾವ ವಾರ? ಬೆಂಗಳೂರಿನಿಂದ ಹೊರಡುವವರಿಗೊಂದು ಹೋಲಿಕೆ

‘ಭಾನುವಾರ ಒಂದೇ ರಜೆ, ಶಿವನಸಮುದ್ರವೋ ಚುಂಚಿಯೋ?’ ‘ಸ್ವಾತಂತ್ರ್ಯ ದಿನಕ್ಕೆ ಒಂದು ರಜೆ ಸೇರಿಸಿದರೆ ಮೂರು ದಿನ ಸಿಗುತ್ತೆ, ಜೋಗಕ್ಕೆ ಹೋಗೋದಾ ಕೊಡಗಿಗಾ?’ ‘ಅಮ್ಮನಿಗೆ ಮಂಡಿನೋವು, ಮೆಟ್ಟಿಲಿಳಿಯದೆ ನೋಡೋ ಅಂಥದ್ದು ಯಾವುದಾದರೂ ಇದೆಯಾ?’ ಮಳೆಗಾಲ ಹಿಡಿಯುತ್ತಿದ್ದಂತೆ ಬೆಂಗಳೂರಿನಲ್ಲಿ ಕೇಳಿಬರುವ ಪ್ರಶ್ನೆಗಳಿವು. ಮೊಬೈಲಿನಲ್ಲಿ ಓಡಾಡುವ ಪಟ್ಟಿಗಳು ಎಲ್ಲ ಜಲಪಾತಗಳನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತವೆ. ಅದನ್ನು ನಂಬಿ ಎಂಟು ಗಂಟೆ ಪ್ರಯಾಣ ಮಾಡಿ, ಬಂಡೆಯ ಮೇಲೆ ನಾಲ್ಕು ಎಳೆ ನೀರು ನೋಡಿ ಬೇಸರದಿಂದ ಮರಳುವವರು ಪ್ರತಿವರ್ಷ ಇದ್ದಾರೆ. ಅವರು ಆರಿಸಿದ ಜಾಗ ಸರಿಯಾಗಿಯೇ ಇರುತ್ತದೆ, ಹೋದ ವಾರ ತಪ್ಪಿರುತ್ತದೆ. ಅದಕ್ಕೇ ನಾನು ಹೇಳುವುದು: ಊರನ್ನು ಆಮೇಲೆ ಆರಿಸಿ, ಮೊದಲು ನೀರಿನ ವಿಚಾರ ತಿಳಿದುಕೊಳ್ಳಿ.

ಆರಿಸುವ ಮುನ್ನ ಕೇಳಿಕೊಳ್ಳಬೇಕಾದ್ದು

ಮೊದಲ ಪ್ರಶ್ನೆ, ಈ ಜಲಪಾತದ ನಲ್ಲಿ ಯಾರ ಕೈಯಲ್ಲಿದೆ? ಕರ್ನಾಟಕದ ಜಲಪಾತಗಳನ್ನು ಎತ್ತರದ ಲೆಕ್ಕದಲ್ಲಿ ವಿಂಗಡಿಸುವುದಕ್ಕಿಂತ ಹೀಗೆ ವಿಂಗಡಿಸುವುದು ಪ್ರಯಾಣಿಕರಿಗೆ ಹೆಚ್ಚು ಉಪಯೋಗ. ಕೆಲವಕ್ಕೆ ಮೇಲ್ಗಡೆ ಅಣೆಕಟ್ಟಿದೆ. ಜೋಗಕ್ಕೆ ಲಿಂಗನಮಕ್ಕಿ, ಶಿವನಸಮುದ್ರಕ್ಕೆ ಕೆಆರ್‌ಎಸ್ ಮತ್ತು ಕಬಿನಿ, ಗೋಕಾಕಕ್ಕೆ ಹಿಡಕಲ್. ಇಲ್ಲೆಲ್ಲ ಊರಲ್ಲಿ ಜಡಿಮಳೆ ಸುರಿಯುತ್ತಿದ್ದರೂ ಜಲಾಶಯ ತುಂಬುವ ತನಕ ಪೂರ್ಣ ವೈಭವ ಕಾಣಿಸುವುದಿಲ್ಲ. ಉಂಚಳ್ಳಿ, ಮಾಗೋಡು, ಮಲ್ಲಳ್ಳಿ, ಇರ್ಪು, ಸಿರಿಮನೆಯಂಥವು ಇನ್ನೊಂದು ಬಗೆ. ಇವಕ್ಕೆ ಮಳೆಯೇ ಯಜಮಾನ. ನಾಲ್ಕು ದಿನ ಜೋರು ಮಳೆ ಬಿದ್ದರೆ ಮೈದುಂಬುತ್ತವೆ, ಮಳೆ ಹಿಂದೆ ಸರಿದರೆ ಮೆಲ್ಲಗೆ ಇಳಿಯುತ್ತವೆ.

ಹಾಗಾಗಿ ಅಣೆಕಟ್ಟಿನ ಕೆಳಗಿನ ಜಲಪಾತಕ್ಕೆ ಹೊರಡುವವರು ಹವಾಮಾನಕ್ಕಿಂತ ಮೊದಲು ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿ ನೋಡಬೇಕು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಕೆಆರ್‌ಎಸ್‌ನದು 124.80 ಅಡಿ. ಈ ಎರಡು ಅಂಕಿ ನೆನಪಿಟ್ಟುಕೊಂಡು, ಪಕ್ಕದಲ್ಲಿ ಕೊಟ್ಟಿರುವ ಹೊರಹರಿವಿನ ಕ್ಯುಸೆಕ್ ಲೆಕ್ಕ ನೋಡಿದರೆ ಅರ್ಧ ನಿರ್ಧಾರ ಮನೆಯಲ್ಲೇ ಆಗುತ್ತದೆ.

ಎರಡನೆಯದು ಸಮಯ. ಬೆಂಗಳೂರಿಗರು ಕಿಲೋಮೀಟರ್ ನಂಬಬಾರದು, ಗಂಟೆ ನಂಬಬೇಕು. ಊರಿನಿಂದ ಹೊರಬೀಳುವುದಕ್ಕೇ ನೆಲಮಂಗಲದ ಕಡೆಯಾಗಲಿ ಕನಕಪುರ ರಸ್ತೆಯಲ್ಲಾಗಲಿ ಎಷ್ಟು ಹೊತ್ತು ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಶನಿವಾರ ಬೆಳಗ್ಗೆ ಐದಕ್ಕೆ ಹೊರಟವರ ದಿನವೇ ಬೇರೆ, ಎಂಟಕ್ಕೆ ಹೊರಟವರ ದಿನವೇ ಬೇರೆ.

ಮೂರನೆಯದು ಜೊತೆಯಲ್ಲಿರುವವರು. ಮೆಟ್ಟಿಲು ಇಳಿಯುವುದು ಸುಲಭ, ಹತ್ತುವಾಗ ಮಂಡಿ ಮಾತಾಡುತ್ತದೆ. ನಾಲ್ಕನೆಯದು ಮಕ್ಕಳಿದ್ದ ಮನೆಗಳಲ್ಲಿ ಜಗಳಕ್ಕೇ ಕಾರಣವಾಗುವ ಸಂಗತಿ: ನೀರನ್ನು ನೋಡಬೇಕೋ, ಮುಟ್ಟಬೇಕೋ? ದೊಡ್ಡ ಜಲಪಾತಗಳು ಬಹುಪಾಲು ದೂರದಿಂದ ನೋಡುವಂಥವು. ನೆನೆಯುವ ಆಸೆಯಿಂದ ಹೊರಟ ಮಕ್ಕಳನ್ನು ಕಂಬಿಯ ಹಿಂದೆ ನಿಲ್ಲಿಸಿದರೆ ಯಾರಿಗೂ ಸಮಾಧಾನವಿರದು.

ಕೊನೆಗೆ ಹಣ. ಪೆಟ್ರೋಲ್ ದರ ಬದಲಾಗುತ್ತದೆ, ಆದ್ದರಿಂದ ಲೀಟರಿನಲ್ಲೇ ಹೇಳುತ್ತೇನೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಲ್ಲಿ ಶಿವನಸಮುದ್ರಕ್ಕೆ ಹೋಗಿಬರಲು ಸುಮಾರು 18 ಲೀಟರ್, ಮಡಿಕೇರಿಗೆ 35, ಜೋಗಕ್ಕೆ 55 ಬೇಕು. ಟೋಲ್, ವಾಸ್ತವ್ಯ, ಊಟ ಇದರ ಮೇಲೆ. ಬಸ್ಸಿನಲ್ಲಿ ಹೋಗುವುದಾದರೆ ಶಕ್ತಿ ಯೋಜನೆಯನ್ನು ಮರೆಯಬೇಡಿ. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಇಲ್ಲಿನ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸುವುದಿಲ್ಲ. ಅಮ್ಮ, ಅತ್ತೆ, ಹೆಂಡತಿ, ಮಗಳು ಒಟ್ಟಾಗಿ ಹೊರಡುವ ಮನೆಯಲ್ಲಿ ಇದು ದೊಡ್ಡ ಉಳಿತಾಯ.

ಒಂದೇ ದಿನ ಇದ್ದರೆ

ಒಂದು ದಿನದಲ್ಲಿ ಹೋಗಿಬರುವವರಿಗೆ ನನ್ನ ಮೊದಲ ಆಯ್ಕೆ ಶಿವನಸಮುದ್ರ. ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ ದಾಟಿ ಸುಮಾರು 135 ಕಿ.ಮೀ. ಬೈಕಿನವರಿಗೆ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಪ್ರವೇಶವಿಲ್ಲ, ಕನಕಪುರದ ದಾರಿಗೆ ಆ ತೊಂದರೆಯೂ ಇಲ್ಲ. ಇಲ್ಲಿ ಕಾವೇರಿ ಎರಡಾಗಿ ಒಡೆದು ಬೀಳುತ್ತಾಳೆ. ಗಗನಚುಕ್ಕಿಯನ್ನು ಮಂಡ್ಯ ಜಿಲ್ಲೆಯ ಬದಿಯ ವೀಕ್ಷಣಾ ಸ್ಥಳದಿಂದ ನೋಡಬೇಕು. ವಾಹನ ನಿಲ್ಲಿಸಿದಲ್ಲಿಂದ ಸ್ವಲ್ಪವೇ ನಡಿಗೆ, ಹಾಗಾಗಿ ವಯಸ್ಸಾದವರಿಗೆ ಇದೇ ಸರಿ. ಭರಚುಕ್ಕಿ ಚಾಮರಾಜನಗರ ಜಿಲ್ಲೆಯ ಬದಿಯದು, ಅಗಲವಾಗಿ ಹರಡಿಕೊಂಡು ಬೀಳುತ್ತದೆ. ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ. ಕೆಳಗಿಳಿಯಲು ಮೆಟ್ಟಿಲಿವೆ, ನೀರು ಹೆಚ್ಚಿದ್ದಾಗ ಇಳಿಯಲು ಬಿಡುವುದಿಲ್ಲ. ನೀರು ಇಳಿದ ತಿಂಗಳುಗಳಲ್ಲಿ ತೆಪ್ಪ ಸಿಗುತ್ತದೆ. ಅಂದರೆ ಭೋರ್ಗರೆತ ಬೇಕೆಂದರೆ ತೆಪ್ಪವಿಲ್ಲ, ತೆಪ್ಪ ಬೇಕೆಂದರೆ ಭೋರ್ಗರೆತವಿಲ್ಲ. ಯಾವುದು ಬೇಕೆಂದು ಮೊದಲೇ ಮಕ್ಕಳೊಂದಿಗೆ ಮಾತಾಡಿಕೊಳ್ಳಿ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಎಲ್ಲರೂ ಕೆಆರ್‌ಎಸ್ ಮಟ್ಟ ನೋಡುತ್ತಾರೆ, ಆದರೆ ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಕಾವೇರಿಯನ್ನು ಸೇರಿದ ಮೇಲೆಯೇ ನದಿ ಶಿವನಸಮುದ್ರಕ್ಕೆ ಬರುವುದು. ಕಬಿನಿಗೆ ವಯನಾಡಿನ ಮಳೆ. ಎಷ್ಟೋ ವರ್ಷ ಅದು ಕೆಆರ್‌ಎಸ್‌ಗಿಂತ ಮುಂಚೆಯೇ ತುಂಬಿ ಗೇಟು ತೆರೆದಿರುತ್ತದೆ. ಆ ವಾರ ಶಿವನಸಮುದ್ರಕ್ಕೆ ಹೋದವರಿಗೆ ಜನಜಂಗುಳಿ ಕಡಿಮೆ, ನೀರು ಧಾರಾಳ.

ಜಲಪಾತ ಸೊರಗಿದ್ದರೂ ದಿನ ವ್ಯರ್ಥವಾಗದಿರುವುದು ಈ ಜಾಗದ ಇನ್ನೊಂದು ಗುಣ. 1902ರಲ್ಲಿ ಇಲ್ಲಿ ಶುರುವಾದ ಜಲವಿದ್ಯುತ್ ಕೇಂದ್ರ ಮೊದಲು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ಕರೆಂಟು ಕೊಟ್ಟಿತು. ನಮ್ಮ ಮನೆಗಳ ನಲ್ಲಿಗೆ ಬರುವ ಕಾವೇರಿಯನ್ನು ಎತ್ತಿಕೊಳ್ಳುವುದೂ ಈ ಆಸುಪಾಸಿನಲ್ಲೇ, ತೊರೆಕಾಡನಹಳ್ಳಿಯ ಪಂಪುಗಳ ಮೂಲಕ. ನಡುಗಡ್ಡೆಯಲ್ಲಿ ಮಧ್ಯರಂಗನ ಗುಡಿ, ಒಂದಿಷ್ಟು ದೂರದಲ್ಲಿ ತಲಕಾಡಿನ ಮರಳು, 1258ರ ಕಾಲದ ಸೋಮನಾಥಪುರದ ಕೇಶವ ದೇವಾಲಯ. ಹೊಯ್ಸಳರ ಬೇಲೂರು, ಹಳೇಬೀಡಿನ ಜೊತೆ ಇದೂ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಕಾರಿಲ್ಲದವರಿಗಾಗಿ ಕೆಎಸ್‌ಆರ್‌ಟಿಸಿ ಈ ಮಾರ್ಗದಲ್ಲಿ ವಾರಾಂತ್ಯದ ಪ್ರವಾಸಿ ಬಸ್ ಓಡಿಸಿದೆ. ಹೊರಡುವ ವಾರ ಇದೆಯೇ ಎಂದು ನಿಗಮದ ಜಾಲತಾಣದಲ್ಲಿ ನೋಡಿಕೊಳ್ಳಿ.

ಚುಂಚಿ ಹತ್ತಿರ, ಸುಮಾರು 90 ಕಿ.ಮೀ. ಅರ್ಕಾವತಿ ಬಂಡೆಗಳ ನಡುವೆ ನುಗ್ಗುವ ಆ ಕಣಿವೆ ನಿಜಕ್ಕೂ ಸುಂದರ. ಆದರೆ ನೇರವಾಗಿ ಹೇಳಬೇಕು: ಆ ನೀರಿಗಿಳಿಯಬೇಡಿ. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನೆಲ್ಲ ಹೊತ್ತ ವೃಷಭಾವತಿ ಬೈರಮಂಗಲ ಕೆರೆಯ ಮೂಲಕ ಹರಿದು ಅರ್ಕಾವತಿಯನ್ನು ಸೇರುತ್ತದೆ. ಚುಂಚಿಯಲ್ಲಿ ಕಾಣುವ ನೊರೆಯಲ್ಲಿ ನಮ್ಮ ಬಚ್ಚಲಿನ ಪಾಲೂ ಇದೆ. ಶಿವನಸಮುದ್ರದ ಬಳಿ ಎತ್ತಿ ತಂದ ಕಾವೇರಿ ನಮ್ಮ ಮನೆಗಳನ್ನು ಹಾದು, ಈ ದಾರಿಯಲ್ಲಿ ಸಂಗಮಕ್ಕೆ ಹೋಗಿ ಮತ್ತೆ ಕಾವೇರಿಯನ್ನೇ ಸೇರುತ್ತಾಳೆ. ಬೆಂಗಳೂರಿನವರು ಒಮ್ಮೆಯಾದರೂ ಎರಡೂ ಜಾಗ ನೋಡಬೇಕು ಎಂದು ನನಗನ್ನಿಸುವುದು ಇದಕ್ಕಾಗಿಯೇ. ಸಂಗಮದಿಂದ ಮುಂದೆ ಮೇಕೆದಾಟು ನೋಡಲು ಹೊಳೆ ದಾಟಿ ಸುಮಾರು 4 ಕಿ.ಮೀ. ಹೋಗಬೇಕು, ಹೊಳೆ ತುಂಬಿದಾಗ ದಾಟಲು ಬಿಡುವುದಿಲ್ಲ. ಮೇಕೆದಾಟಿನ ಬಂಡೆಗಳ ಅಂಚಿಗೆ ಹೋಗಿ ಜಾರಿ ಪ್ರಾಣ ಕಳೆದುಕೊಂಡವರು ಬಹಳ. ಕಾಲೇಜು ಹುಡುಗರ ಗುಂಪು ಹೊರಟಿದ್ದರೆ ಮನೆಯವರು ಇದನ್ನು ಎರಡೆರಡು ಸಲ ಹೇಳಿ ಕಳಿಸಬೇಕು.

ಅರ್ಧ ದಿನವಷ್ಟೇ ಬಿಡುವೆಂದರೆ ಆನೇಕಲ್ ಬಳಿಯ ಮುತ್ಯಾಲಮಡುವು. ತೆಳುವಾದ ಧಾರೆ, ಮಳೆ ಬಿದ್ದ ಮಾರನೆಯ ದಿನ ಮಾತ್ರ ನೋಡಲು ಚೆಂದ. ಮುಂಗಾರಿಗಿಂತ ಸೆಪ್ಟೆಂಬರ್–ಅಕ್ಟೋಬರಿನ ಸಂಜೆಮಳೆಗಳ ಕಾಲ ಅಲ್ಲಿಗೆ ವಾಸಿ.

ಎರಡು ದಿನ: ಕೊಡಗೋ, ಚಿಕ್ಕಮಗಳೂರೋ?

ಹೆಚ್ಚು ಜನ ಒದ್ದಾಡುವುದು ಇಲ್ಲೇ. ಎರಡೂ ಕಡೆಯ ನೀರಿಗೆ ಮಳೆಯೇ ಒಡತಿ, ಎರಡೂ ಕಡೆ ಕಾಫಿತೋಟ, ಮಂಜು, ಹೋಮ್‌ಸ್ಟೇ. ವ್ಯತ್ಯಾಸವಿರುವುದು ತಲುಪುವ ಬಗೆಯಲ್ಲಿ.

ಕೊಡಗಿನಲ್ಲಿ ಮೂರು ಹೆಸರು. ಮಡಿಕೇರಿಯಿಂದ ಏಳೆಂಟು ಕಿ.ಮೀ. ದೂರದ ಅಬ್ಬಿ ಜಲಪಾತಕ್ಕೆ ತೋಟದ ನಡುವೆ ಮೆಟ್ಟಿಲಿಳಿದು ಹೋಗಬೇಕು, ನೀರಿಗಿಳಿಯುವಂತಿಲ್ಲ. ವಾರಾಂತ್ಯದಲ್ಲಿ ತಲೆಗಳ ಮೇಲಿಂದ ನೋಡಬೇಕಾದಷ್ಟು ಜನ. ಸೋಮವಾರಪೇಟೆ ಕಡೆಯ ಮಲ್ಲಳ್ಳಿಯಲ್ಲಿ ಕುಮಾರಧಾರಾ ಸುಮಾರು 200 ಅಡಿ ಬೀಳುತ್ತದೆ. ನನ್ನ ಮಟ್ಟಿಗೆ ಕೊಡಗಿನ ಅತಿ ಗಂಭೀರ ನೋಟ ಅದೇ, ಆದರೆ ನೂರಾರು ಮೆಟ್ಟಿಲು. ಹತ್ತಲಾಗದವರು ಮೇಲಿನಿಂದಲೇ ಒಂದಿಷ್ಟು ನೋಡಿ ತೃಪ್ತಿಪಡಬಹುದು. ಮೂರನೆಯದು ದಕ್ಷಿಣ ಕೊಡಗಿನ ಕುಟ್ಟದ ಬಳಿಯ ಇರ್ಪು. ಲಕ್ಷ್ಮಣತೀರ್ಥ ಹುಟ್ಟುವ ಬ್ರಹ್ಮಗಿರಿ ಸೆರಗಿನಲ್ಲಿದೆ, ರಾಮೇಶ್ವರ ದೇವಸ್ಥಾನದಿಂದ ಸ್ವಲ್ಪ ದೂರದ ಹತ್ತುದಾರಿ. ಭಕ್ತರು ಧಾರೆಯ ಬುಡದಲ್ಲಿ ಮೀಯುವ ರೂಢಿಯಿದೆ. ನೀರು ಮುಟ್ಟಲೇಬೇಕೆನ್ನುವ ಮಕ್ಕಳಿಗೆ ಮಳೆಯ ಅಬ್ಬರ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ, ಇರ್ಪು ಒಳ್ಳೆಯದು. ಇವು ಮೂರೂ ಜಿಲ್ಲೆಯ ಬೇರೆಬೇರೆ ಮೂಲೆಗಳಲ್ಲಿವೆ. ಒಂದೇ ದಿನ ಮೂರನ್ನೂ ಮುಗಿಸುತ್ತೇವೆಂದು ಹೊರಟರೆ ನೋಡುವುದು ರಸ್ತೆಯನ್ನಷ್ಟೆ. ಅಬ್ಬಿ–ಮಲ್ಲಳ್ಳಿ ಒಂದು ಪ್ರವಾಸ, ಇರ್ಪು–ನಾಗರಹೊಳೆ ಇನ್ನೊಂದು. ನಾಗರಹೊಳೆ ಕಾಡಿನ ರಸ್ತೆ ರಾತ್ರಿ ಮುಚ್ಚುತ್ತದೆ, ಸಂಜೆಯೊಳಗೆ ದಾಟುವ ಲೆಕ್ಕ ಇಟ್ಟುಕೊಳ್ಳಿ. ಕೊಡಗಿಗೆ ರೈಲಿಲ್ಲ, ಒಳಊರುಗಳಿಗೆ ಬಸ್ಸೂ ಕಡಿಮೆ. ಸ್ವಂತ ವಾಹನವಿದ್ದವರಿಗೆ ಇದು ಹೆಚ್ಚು ಒಗ್ಗುತ್ತದೆ.

ಚಿಕ್ಕಮಗಳೂರಿನಲ್ಲಿ ಜೀಪಿನ ಖರ್ಚನ್ನು ಮೊದಲೇ ಎಣಿಸಬೇಕು. ಕೆಮ್ಮಣ್ಣುಗುಂಡಿ ಕಡೆಯ ಹೆಬ್ಬೆ ಜಲಪಾತ ಭದ್ರಾ ಹುಲಿ ಅಭಯಾರಣ್ಯದ ಸೀಮೆಯದು, ನಮ್ಮ ಕಾರು ಒಳಗೆ ಹೋಗುವುದಿಲ್ಲ. ಜೀಪಿನಲ್ಲಿ ಕುಲುಕಾಡಿ, ಆಮೇಲೆ ಹಳ್ಳ ದಾಟಿ ನಡೆಯಬೇಕು. ಮುಳ್ಳಯ್ಯನಗಿರಿ ಸಾಲಿನ ಝರಿ ಜಲಪಾತಕ್ಕೂ ಜೀಪೇ ಗತಿ. ಆರೇಳು ಜನ ಸೇರಿ ಹೋದರೆ ಬಾಡಿಗೆ ಹಗುರ, ಗಂಡ ಹೆಂಡತಿ ಇಬ್ಬರೇ ಹೋದರೆ ಭಾರ. ಹೆಬ್ಬೆಯ ದಾರಿಯಲ್ಲಿ ಮಳೆಗಾಲವಿಡೀ ಉಂಬಳ, ಅಂದರೆ ಜಿಗಣೆ. ಉಪ್ಪಿನ ಪೊಟ್ಟಣ ಕಿಸೆಯಲ್ಲಿರಲಿ, ಹೆದರುವವರನ್ನು ಬಲವಂತವಾಗಿ ಕರೆದೊಯ್ಯಬೇಡಿ. ಇಷ್ಟೆಲ್ಲ ಪಾಡುಪಟ್ಟ ಮೇಲೆ ಕಾಡಿನ ನಡುವೆ ಎರಡು ಹಂತದಲ್ಲಿ ಇಳಿಯುವ ಹೆಬ್ಬೆ ಎದುರಾದಾಗ ದಾರಿಯ ದಣಿವು ನೆನಪಿರುವುದಿಲ್ಲ, ಅದೂ ನಿಜ. ನಡೆಯಲಾಗದವರು ಜೊತೆಯಲ್ಲಿದ್ದರೆ ಅದೇ ದಾರಿಯ ಕಲ್ಹತ್ತಿಗಿರಿ ಇದೆ. ವೀರಭದ್ರನ ಗುಡಿಯ ಪಕ್ಕದಲ್ಲೇ ನೀರು ಇಳಿಯುತ್ತದೆ, ವಾಹನ ಹತ್ತಿರದವರೆಗೆ ಹೋಗುತ್ತದೆ. ಮುಳ್ಳಯ್ಯನಗಿರಿ ಕಡೆಗೆ ಹೋಗುವವರು ಜಿಲ್ಲಾಡಳಿತದ ಮುಂಗಡ ನೋಂದಣಿ ನಿಯಮ ಏನಿದೆಯೆಂದು ಹೊರಡುವ ಮುನ್ನ ನೋಡಿಕೊಳ್ಳಲೇಬೇಕು. ರೆಡ್ ಅಲರ್ಟ್ ಇರುವ ದಿನಗಳಲ್ಲಿ ಎರಡೂ ಜಿಲ್ಲೆಗಳಲ್ಲಿ ಪ್ರವಾಸಿಗರನ್ನು ತಡೆಯುವುದುಂಟು. ಹಾಗಾಗಿ ಕೋಣೆ ಕಾಯ್ದಿರಿಸುವಾಗ ಹಣ ವಾಪಸು ಬರುವ ಷರತ್ತನ್ನು ಕೇಳಿ.

ಇವೆರಡರ ಗದ್ದಲದಲ್ಲಿ ಜನ ಮರೆಯುವ ಮೂರನೆಯ ದಾರಿ ಶೃಂಗೇರಿ. ಹಿರಿಯರಿರುವ, ಕೈ ಹಿಡಿದು ಖರ್ಚು ಮಾಡುವ ಕುಟುಂಬಕ್ಕೆ ಇದರಷ್ಟು ಹೊಂದುವುದು ನನಗೆ ಇನ್ನೊಂದು ಕಂಡಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸು ನೇರ ಇದೆ, ಮಠದ ವಸತಿಗೃಹಗಳಿವೆ, ಊಟ ಮಠದಲ್ಲೇ ಆಗುತ್ತದೆ. ಅಲ್ಲಿಂದ ಕಿಗ್ಗಕ್ಕೆ ಹೋದರೆ ಮಳೆಯ ದೇವರೆಂದೇ ನಂಬಿಕೆಯಿರುವ ಋಷ್ಯಶೃಂಗೇಶ್ವರ. ನಾಡಿನಲ್ಲಿ ಬರ ಬಂದಾಗ ಇಲ್ಲಿ ಪೂಜೆ ಸಲ್ಲುತ್ತದೆ. ಕಿಗ್ಗದಿಂದ ಇನ್ನಷ್ಟು ಮುಂದೆ ಸಿರಿಮನೆ. ಎತ್ತರ ಹೆಚ್ಚಿಲ್ಲ, ಆದರೆ ಧಾರೆಯ ಹತ್ತಿರ ಹೋಗಿ ತುಂತುರಿಗೆ ಮುಖವೊಡ್ಡಬಹುದು. ಮಧ್ಯಾಹ್ನದ ನಂತರ ಆಗುಂಬೆಗೆ ಹೋದರೆ, ಮೋಡ ಬಿಟ್ಟುಕೊಟ್ಟರೆ, ಸೂರ್ಯಾಸ್ತವೂ ಸಿಕ್ಕೀತು.

ಮೂರು ದಿನ: ಜೋಗವೋ, ಉತ್ತರ ಕನ್ನಡವೋ?

ಜೋಗದ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಶರಾವತಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ 830 ಅಡಿ ಬೀಳುವ ಈ ಜಾಗಕ್ಕೆ ಸಾಟಿಯಿಲ್ಲ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ನದಿಯ ಬಹುಪಾಲು ನೀರು ವಿದ್ಯುತ್ತಿಗೆ ಹೋಗುತ್ತದೆ. ನಾವು ಮಳೆಗಾಲದಲ್ಲಿ ನೋಡುವ ಸಾಧಾರಣ ಜೋಗ ಅಣೆಕಟ್ಟಿನ ಕೆಳಗೆ ಬಿದ್ದ ಮಳೆಯ ನೀರಿನದು. ಗೋಡೆ ಕಾಣದಂತೆ ಬಿಳಿ ತುಂಬಿಕೊಳ್ಳುವ ಜೋಗ ನೋಡಬೇಕಾದರೆ ಲಿಂಗನಮಕ್ಕಿಯ ಗೇಟು ತೆರೆಯಬೇಕು. ಅದು ಎಲ್ಲ ವರ್ಷವೂ ಆಗುವುದಿಲ್ಲ, ಆದಾಗ ಸಾಮಾನ್ಯವಾಗಿ ಆಗಸ್ಟ್ ನಡುವಿನಿಂದ ಮುಂದೆ.

ಜುಲೈನಲ್ಲಿ ಇನ್ನೊಂದು ತೊಡಕು ಮಂಜು. ಸದ್ದು ಕಿವಿ ತುಂಬುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಯಬೇಕು. ಐದು ನಿಮಿಷದಲ್ಲಿ ಪರದೆ ಸರಿಯಬಹುದು, ಎರಡು ಗಂಟೆಯೂ ಆಗಬಹುದು. ಆದ್ದರಿಂದ ಜೋಗಕ್ಕೆ ಹೋಗುವವರು ಅಲ್ಲೇ ಒಂದು ರಾತ್ರಿ ತಂಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರವಾಸೋದ್ಯಮ ನಿಗಮದ ಮಯೂರ ಗೇರುಸೊಪ್ಪ ಅಲ್ಲಿದೆ, ಕಡಿಮೆ ದರಕ್ಕೆ ಸಾಗರ ಪೇಟೆಯ ವಸತಿಗೃಹಗಳಿವೆ. ನೋಟ ಮೇಲಿನಿಂದಲೇ ಪೂರ್ಣವಾಗಿ ಸಿಗುವುದರಿಂದ ಮಂಡಿನೋವಿನವರಿಗೆ ಜೋಗ ಉತ್ತಮ. ಬುಡಕ್ಕಿಳಿಯುವ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಮಳೆಗಾಲದಲ್ಲಿ ಮುಚ್ಚಿರುತ್ತವೆ. ಸುತ್ತ ಇಕ್ಕೇರಿ, ಕೆಳದಿ ದೇವಾಲಯಗಳಿವೆ. ಸಿಗಂದೂರಿಗೆ ಮೊದಲು ಲಾಂಚ್ ಕಾಯಬೇಕಿತ್ತು, 2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಸೇತುವೆ ತೆರೆದ ಮೇಲೆ ದಾರಿ ಸಲೀಸಾಗಿದೆ. ಖರ್ಚು ಉಳಿಸುವವರಿಗೆ ರಾತ್ರಿಯ ತಾಳಗುಪ್ಪ ರೈಲು. ಬೆಂಗಳೂರಿನಲ್ಲಿ ಹತ್ತಿ ಮಲಗಿದರೆ ಬೆಳಗ್ಗೆ ಜೋಗದ ಮಗ್ಗುಲಲ್ಲಿ ಇಳಿಯುತ್ತೀರಿ. 55 ಲೀಟರ್ ಪೆಟ್ರೋಲಿನ ಎದುರು ಸ್ಲೀಪರ್ ಟಿಕೆಟ್ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಒಂದು ರಾತ್ರಿಯ ಕೋಣೆ ಬಾಡಿಗೆಯೂ ಉಳಿಯುತ್ತದೆ.

ಉತ್ತರ ಕನ್ನಡದ ಬಲವೆಂದರೆ ಗೇಟಿನ ಹಂಗಿಲ್ಲದ ನೀರು. ಅಘನಾಶಿನಿ ದೊಡ್ಡ ಅಣೆಕಟ್ಟು ಕಾಣದೆ ಸಮುದ್ರ ಸೇರುವ ನದಿ. ಅದು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವುದನ್ನು ನೋಡಿದರೆ ಕಟ್ಟು ಹಾಕದ ಹೊಳೆ ಹೇಗಿರುತ್ತದೆಂದು ತಿಳಿಯುತ್ತದೆ. ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಬೇಡ್ತಿ ಎರಡು ಹೆಜ್ಜೆಯಲ್ಲಿ ಸುಮಾರು 200 ಮೀಟರ್ ಕೆಳಗಿಳಿಯುತ್ತದೆ. 1980ರ ಆಸುಪಾಸಿನಲ್ಲಿ ಅಲ್ಲಿನ ಜನ ಎದುರು ನಿಂತು ಬೇಡ್ತಿಯ ಜಲವಿದ್ಯುತ್ ಯೋಜನೆಯನ್ನು ತಡೆಯದಿದ್ದರೆ ಈ ಜಲಪಾತಕ್ಕೂ ಇಂದು ಗೇಟಿನ ಲೆಕ್ಕ ನೋಡಬೇಕಾಗುತ್ತಿತ್ತು. ಎರಡೂ ಕಣಿವೆಯಾಚೆಯಿಂದ ನೋಡುವಂಥವು. ಮುಟ್ಟುವ ನೀರು ಬೇಕಾದರೆ ಸಾತೊಡ್ಡಿ: ಕಾಡಿನೊಳಗೆ ಹಿತವಾದ ನಡಿಗೆ, ಐವತ್ತಡಿ ಎತ್ತರದ ಅಗಲವಾದ ಧಾರೆ. ಅಕ್ಟೋಬರ್–ನವೆಂಬರಿನಲ್ಲಿ ಅಲ್ಲಿಗೆ ಹೋಗುವುದು ಸೂಕ್ತ, ಮಳೆ ಜೋರಿದ್ದಾಗ ಕಾಡುದಾರಿಯೂ ಕೆಟ್ಟಿರುತ್ತದೆ, ಸೆಳೆತವೂ ಹೆಚ್ಚು.

ಕೊರತೆಯೂ ಇದೆ. ಶಿರಸಿ, ಯಲ್ಲಾಪುರ ಎರಡಕ್ಕೂ ರೈಲಿಲ್ಲ, ಜಲಪಾತಗಳಿಗೆ ಬಸ್ಸು ನೆಚ್ಚಿಕೊಳ್ಳುವಂತಿಲ್ಲ, ಫೋನಿನ ಸಿಗ್ನಲ್ ಎಷ್ಟೋ ಕಡೆ ಸತ್ತುಹೋಗುತ್ತದೆ. ಶಿರಸಿಯನ್ನು ನೆಲೆ ಮಾಡಿಕೊಂಡವರಿಗೆ ಉಂಚಳ್ಳಿ, ಯಾಣ, ಸಹಸ್ರಲಿಂಗ. ಯಲ್ಲಾಪುರದಲ್ಲಿ ತಂಗಿದವರಿಗೆ ಮಾಗೋಡು, ಜೇನುಕಲ್ಲು ಗುಡ್ಡ, ಸಾತೊಡ್ಡಿ. ಮೂರೇ ದಿನದಲ್ಲಿ ಎರಡೂ ನೆಲೆ ಬೇಡ.

ಗೋಕಾಕವನ್ನೂ ಕೆಲವರು ಕೇಳುತ್ತಾರೆ. ಘಟಪ್ರಭೆ ಕೆಂಪುನೀರಾಗಿ 171 ಅಡಿ ಬೀಳುವ ಆ ನೋಟ ಮಲೆನಾಡಿನ ಯಾವ ಜಲಪಾತದಲ್ಲೂ ಇಲ್ಲ, ತೂಗುಸೇತುವೆಯೂ ಇದೆ. ಆದರೆ ಐನೂರು ಕಿ.ಮೀ. ಮೀರಿದ ದೂರ. ಬೆಳಗಾವಿ ಕಡೆ ಮದುವೆಗೋ ಕೆಲಸಕ್ಕೋ ಹೋದಾಗ ಸೇರಿಸಿಕೊಂಡರೆ ಸರಿ, ಅದಕ್ಕೆಂದೇ ಎರಡು ದಿನಕ್ಕೆ ಹೋಗಿಬರುವುದು ಆಯಾಸ. ದೂಧಸಾಗರ ಗೋವಾದ್ದು. ಹಳಿಯ ಮೇಲೆ ನಡೆದು ಹೋಗುವುದನ್ನು ರೈಲ್ವೆ ನಿಷೇಧಿಸಿದೆ, ಯಾರಾದರೂ ‘ನಾವು ಕರೆದೊಯ್ಯುತ್ತೇವೆ’ ಎಂದರೆ ದುಡ್ಡು ಕೊಡಬೇಡಿ.

ಟಿಕೆಟ್ ತೆಗೆಯುವ ಮುನ್ನ

ಜೂನ್‌ನಲ್ಲಿ ಎಲ್ಲಿಗೂ ಅವಸರ ಮಾಡಬೇಡಿ. ಜುಲೈನಲ್ಲಿ ಮಲ್ಲಳ್ಳಿ, ಸಿರಿಮನೆ, ಮಾಗೋಡಿನಂಥ ಮಳೆಯ ಜಲಪಾತಗಳು, ಘಾಟಿ ರಸ್ತೆಗಳ ಸುದ್ದಿ ಕೇಳಿಕೊಂಡು. ಆಗಸ್ಟಿನಲ್ಲಿ ಜಲಾಶಯದ ಪಟ್ಟಿ ನೋಡಿ ಶಿವನಸಮುದ್ರ ಅಥವಾ ಜೋಗ. ಸೆಪ್ಟೆಂಬರ್ ಕೊನೆಯಿಂದ ನೀರು ಮುಟ್ಟುವ ಜಾಗಗಳು. ಯಾವ ತಿಂಗಳಾದರೂ ಹೊಳೆಯ ನಡುವಿನ ಬಂಡೆಗೆ ಹೋಗಿ ಕೂರಬೇಡಿ. ನೀವಿದ್ದಲ್ಲಿ ಬಿಸಿಲಿದ್ದರೂ ಮೇಲ್ಗಡೆ ಮಳೆ ಸುರಿದಿದ್ದರೆ, ಗೇಟು ತೆರೆದಿದ್ದರೆ, ನೀರು ಏರುವುದು ಕಣ್ಣಿಗೆ ಬೀಳುವಷ್ಟರಲ್ಲಿ ದಡ ದೂರವಾಗಿರುತ್ತದೆ.

ಇನ್ನೂ ಮನಸ್ಸು ಗಟ್ಟಿಯಾಗದಿದ್ದರೆ ತಾಳಗುಪ್ಪ ರೈಲಿಗೇ ಟಿಕೆಟ್ ತೆಗೆದಿಡಿ. ಹೊರಡುವ ದಿನ ಬೆಳಗ್ಗೆ ಲಿಂಗನಮಕ್ಕಿ ಮಟ್ಟ ನೋಡಿ. 1,819ರ ಹತ್ತಿರವಿದ್ದು ಗೇಟಿನ ಸುದ್ದಿ ಬಂದಿದ್ದರೆ ಇಳಿದವರೇ ಜೋಗಕ್ಕೆ ಹೋಗಿ. ಹತ್ತಿಪ್ಪತ್ತು ಅಡಿ ಕೆಳಗಿದ್ದರೆ ಜೋಗವನ್ನು ಒಂದು ಗಂಟೆಗೆ ಮುಗಿಸಿ, ತಾಳಗುಪ್ಪದಿಂದ ಬಾಡಿಗೆ ಕಾರಿನಲ್ಲಿ ಸಿದ್ದಾಪುರದ ಮೇಲೆ ಉಂಚಳ್ಳಿಗೆ ಹೋಗಿಬನ್ನಿ. ಆ ಕಾರಿನ ಬಾಡಿಗೆಯನ್ನು ರೈಲಿನಲ್ಲಿ ಉಳಿಸಿದ ಹಣವೇ ತೂಗಿಸುತ್ತದೆ.